ಗೇಲಿ ಮಾಡುವ ಹಕ್ಕು ಯಾರಿಗಿದೆ?

ಸಿನಿಮಾ ಬಗ್ಗೆ ಬರೆಯುವವರಿಗೆ ಓದುಗರಿಂದ ತಪ್ಪದೆ ಬರುವ ಪ್ರಶ್ನೆಗಳಲ್ಲಿ ಇದೂ ಒಂದು: ಟ್ರಾಫಿಕ್ಕು, ಸ್ಟಾರ್ಟಪ್ಪು, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪು, ಊಟದ ಬಿಲ್ಲನ್ನೂ ಮೀರಿಸುವ ಕಾಫಿಯ ಬಿಲ್ಲು, ಹೀಗೆ ನಗುವುದಕ್ಕೆ ಬೇಕಾದ ಸರಕೆಲ್ಲ ಕಾಲಬುಡದಲ್ಲೇ ಬಿದ್ದಿರುವಾಗ, ಬೆಂಗಳೂರನ್ನು ಚೆನ್ನಾಗಿ ಗೇಲಿ ಮಾಡುವ ಪ್ರೇಮಕಥೆಯೊಂದು ಏಕೆ ಬರುತ್ತಿಲ್ಲ? ಬರೆಯಬೇಕೆಂದಿರುವ ಹುಡುಗ ಹುಡುಗಿಯರು ಇದೇ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ ಕೇಳುತ್ತಾರೆ: ಊರನ್ನು ಗೇಲಿ ಮಾಡುತ್ತಾ ಹೋದರೆ ಪ್ರೀತಿ ಒಣಗುತ್ತದೆ, ಪ್ರೀತಿಯ ಕಡೆ ತಿರುಗಿದರೆ ಗೇಲಿ ಸಪ್ಪೆಯಾಗುತ್ತದೆ; ಎರಡನ್ನೂ ಒಂದೇ ಗಾಡಿಗೆ ಹೂಡುವುದು ಹೇಗೆ? ನಾನು ಪ್ರತಿ ಸಲ ಒಂದೇ ಸಿನಿಮಾದ ಹೆಸರು ಹೇಳುತ್ತೇನೆ. ಅದು ನಮ್ಮ ಊರಿನದಲ್ಲ, ಲಾಸ್ ಏಂಜಲಿಸ್‌ನದು. ಹೆಸರು ‘ಎಲ್.ಎ. ಸ್ಟೋರಿ’. ಬಂದದ್ದು 1991ರ ಫೆಬ್ರುವರಿಯಲ್ಲಿ.

ಬರೆದವರೂ ನಾಯಕನ ಪಾತ್ರ ಮಾಡಿದವರೂ ಸ್ಟೀವ್ ಮಾರ್ಟಿನ್. ನಿರ್ದೇಶಕ ಇಂಗ್ಲೆಂಡಿನ ಮಿಕ್ ಜಾಕ್ಸನ್. ಶೆಫೀಲ್ಡ್ ನಗರದ ಮೇಲೆ ಅಣುಬಾಂಬು ಬಿದ್ದರೆ ಏನಾಗುತ್ತದೆ ಎಂದು ತೋರಿಸಿದ ‘ಥ್ರೆಡ್ಸ್’ (1984) ಎಂಬ ಕರಾಳ ಟೀವಿ ಚಿತ್ರವನ್ನು ಬಿಬಿಸಿಗಾಗಿ ಮಾಡಿದವರು ಇವರೇ. ನಗರವೊಂದನ್ನು ಸುಟ್ಟು ತೋರಿಸಿದ ಕೈಯೇ ಮುಂದೆ ಇನ್ನೊಂದು ನಗರವನ್ನು ಮುದ್ದು ಮಾಡಿ ತೋರಿಸಿತು. ಕಥೆ ಸರಳವಾಗಿದೆ. ಹ್ಯಾರಿಸ್ ಟೆಲಿಮೇಕರ್ ಎಂಬುವನು ಟೀವಿಯಲ್ಲಿ ಹವಾಮಾನ ವರದಿ ಓದುವ ಕೋಡಂಗಿ. ಅವನ ಗೆಳತಿ ಟ್ರೂಡಿ ಗುಟ್ಟಾಗಿ ಅವನ ಏಜೆಂಟನ ಜೊತೆಗೇ ಓಡಾಡಿಕೊಂಡಿದ್ದಾಳೆ. ಕೆಲಸ ಹೋಗುತ್ತದೆ, ಗೆಳತಿಯೂ ಹೋಗುತ್ತಾಳೆ. ಈ ನಡುವೆ ಲಂಡನ್ನಿನ ಪತ್ರಿಕೆಯೊಂದಕ್ಕೆ ಈ ಊರಿನ ಬಗ್ಗೆ ಬರೆಯಲು ಬಂದ ಸಾರಾ ಎಂಬ ಪತ್ರಕರ್ತೆಗೆ ಅವನು ಮನಸೋಲುತ್ತಾನೆ. ಅವಳ ಹಿಂದೆ ಮಾಜಿ ಗಂಡನಿದ್ದಾನೆ, ಇವನ ಮುಂದೆ ಬಟ್ಟೆ ಅಂಗಡಿಯ ತರುಣಿಯೊಬ್ಬಳಿದ್ದಾಳೆ. ಉಳಿದದ್ದನ್ನು ನೀವೇ ಊಹಿಸಬಲ್ಲಿರಿ. ಊಹಿಸಬಲ್ಲ ಕಥೆಯನ್ನು ಮೂವತ್ತು ವರ್ಷಗಳ ಮೇಲೂ ಏಕೆ ನೋಡಬೇಕು ಎನ್ನುವುದನ್ನಷ್ಟೇ ಇಲ್ಲಿ ಬಿಡಿಸಿ ಹೇಳಬೇಕು.

ಯಾವ ಪ್ರೇಮಕಥೆಗೂ ಒಂದು ಅಡ್ಡಿ ಬೇಕು. ನಮ್ಮ ಸಿನಿಮಾಗಳಲ್ಲಿ ಆ ಅಡ್ಡಿ ಅಪ್ಪನಾಗಿರುತ್ತಾನೆ, ಜಾತಿಯಾಗಿರುತ್ತದೆ, ಅಂತಸ್ತಾಗಿರುತ್ತದೆ, ಏನೂ ಇಲ್ಲದಿದ್ದರೆ ತಲುಪದೆ ಹೋದ ಒಂದು ಕಾಗದವಾದರೂ ಆಗಿರುತ್ತದೆ. ‘ಎಲ್.ಎ. ಸ್ಟೋರಿ’ಯಲ್ಲಿ ಅಡ್ಡಿ ಊರೇ. ಇಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲ. ಆದರೆ ಊರಿನ ರೀತಿ ರಿವಾಜು ಹೇಗಿದೆಯೆಂದರೆ ಇಬ್ಬರು ಮನುಷ್ಯರು ಎದುರುಬದುರು ಕೂತು ನಿಜ ಮಾತಾಡುವುದೇ ಅಸಾಧ್ಯ. ಪ್ರತಿಯೊಬ್ಬರೂ ತಮ್ಮತಮ್ಮ ಕಾರಿನೊಳಗಿದ್ದಾರೆ. ಎರಡು ಮನೆಯಾಚೆಗಿನ ಗೆಳೆಯನನ್ನು ನೋಡಲು ಹ್ಯಾರಿಸ್ ಕಾರು ಹತ್ತುತ್ತಾನೆ, ಗೇರು ಹಾಕುತ್ತಾನೆ, ಅಷ್ಟರಲ್ಲಿ ಇಳಿಯುತ್ತಾನೆ. ಕೆಲಸಕ್ಕೆ ಹೋಗುವಾಗ ಟ್ರಾಫಿಕ್ ತಪ್ಪಿಸಲು ಕಂಡವರ ಹಿತ್ತಲು, ಹುಲ್ಲುಹಾಸು, ಮೆಟ್ಟಿಲುಗಳ ಮೇಲೆಲ್ಲ ಕಾರು ಓಡಿಸುತ್ತಾನೆ. ಗೇಲಿ ಬೇರೆ, ಪ್ರೀತಿ ಬೇರೆ ಎಂದು ಎರಡು ಎಳೆ ಇಲ್ಲಿಲ್ಲ. ಊರಿನ ಮೇಲಿನ ಪ್ರತಿ ಹಾಸ್ಯವೂ ಆ ಇಬ್ಬರ ನಡುವೆ ಏಳುವ ಒಂದು ಅಡ್ಡಗೋಡೆ. ಎರಡನ್ನೂ ಒಂದೇ ಗಾಡಿಗೆ ಹೂಡುವುದು ಹೇಗೆ ಎಂಬ ಪ್ರಶ್ನೆಗೆ ಮೊದಲ ಉತ್ತರ ಇದು.

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಬಿಸಿಲಲ್ಲಿ, ಛತ್ರಿಗಳ ಕೆಳಗೆ, ಗೆಳೆಯರ ದೊಡ್ಡ ಗುಂಪೊಂದು ಮಧ್ಯಾಹ್ನದ ಊಟಕ್ಕೆ ಕೂತಿದೆ. ಸಾರಾಳಿಗೂ ಹ್ಯಾರಿಸ್‌ಗೂ ಮೊದಲ ಭೇಟಿ ಅಲ್ಲೇ. ಇದ್ದಕ್ಕಿದ್ದಂತೆ ಭೂಮಿ ನಡುಗುತ್ತದೆ. ಮೇಜು ಅಲ್ಲಾಡುತ್ತದೆ, ತಟ್ಟೆ ಲೋಟಗಳು ಜಾರುತ್ತವೆ. ಹೊಸಬಳಾದ ಸಾರಾ ಬಿಟ್ಟರೆ ಬೇರೆ ಯಾರೂ ಮಾತು ನಿಲ್ಲಿಸುವುದಿಲ್ಲ. ಒಬ್ಬರು ಕಂಪನಕ್ಕೆ ಪರೀಕ್ಷೆಯ ಪೇಪರಿಗೆ ಹಾಕಿದ ಹಾಗೆ ಅಂಕ ಹಾಕುತ್ತಾರೆ, ಅಷ್ಟೆ. ಆಮೇಲೆ ಕಾಫಿಯ ಸರದಿ ಬರುತ್ತದೆ. ಒಬ್ಬರಿಗೆ ಕೆಫೀನಿಲ್ಲದ ಕಾಫಿ ಬೇಕು, ಇನ್ನೊಬ್ಬರಿಗೆ ಕೆಫೀನಿಲ್ಲದ ಎಸ್ಪ್ರೆಸೊ, ಮತ್ತೊಬ್ಬರಿಗೆ ಕೆಫೀನಿಲ್ಲದ ಡಬಲ್ ಕಪುಚಿನೊ. ಹೀಗೆ ಮೇಜಿನ ಸುತ್ತ ಒಂದು ಸುತ್ತು ಹೋಗಿ ಹ್ಯಾರಿಸ್ ಹತ್ತಿರ ಬಂದಾಗ ಅವನು ಅರ್ಧ, ಡಬಲ್, ಅರ್ಧ ಕೆಫೀನು ಎಂದೆಲ್ಲ ಸೇರಿಸಿ, ಯಾವ ಮಾಣಿಗೂ ಲೆಕ್ಕ ಹತ್ತದ ಒಂದು ಕಾಫಿ ಹೇಳಿ, ಮೇಲೊಂದು ಚೂರು ನಿಂಬೆಸಿಪ್ಪೆ ಎನ್ನುತ್ತಾನೆ. ತಕ್ಷಣ ಮೇಜಿನಲ್ಲಿದ್ದವರಿಗೆಲ್ಲ ನಿಂಬೆಸಿಪ್ಪೆ ಬೇಕೆನಿಸುತ್ತದೆ. ಕಾಲಡಿಯ ನೆಲ ಬಿರಿದರೂ ಗಮನಿಸದವರಿಗೆ ಪಕ್ಕದವರ ಕಾಫಿಯಲ್ಲಿ ಏನಿದೆ ಎಂಬುದು ಮಾತ್ರ ತಟ್ಟನೆ ಕಾಣುತ್ತದೆ. ಒಂದು ಊರಿನ ನಾಡಿ ಹಿಡಿಯಲು ಮಾರ್ಟಿನ್‌ಗೆ ಎರಡು ನಿಮಿಷವೂ ಬೇಕಾಗಿಲ್ಲ.

ಇನ್ನೊಂದು ದೃಶ್ಯ. ಊರಿನ ಅತಿ ಪ್ರತಿಷ್ಠಿತ ಹೋಟೆಲೊಂದರಲ್ಲಿ ಹ್ಯಾರಿಸ್ ಟೇಬಲ್ ಕಾಯ್ದಿರಿಸಬೇಕು. ಫೋನ್ ಮಾಡಿದರೆ ಸಾಲದು. ಅವನನ್ನು ಬ್ಯಾಂಕಿಗೆ ಕರೆಸುತ್ತಾರೆ. ಅಲ್ಲಿ ಸಾಲದ ಅರ್ಜಿ ಪರಿಶೀಲಿಸುವ ಗತ್ತಿನಲ್ಲಿ ಹೋಟೆಲಿನ ಮೇಲ್ವಿಚಾರಕ ಕೂತಿದ್ದಾನೆ. ಆ ಪಾತ್ರಕ್ಕೆ ಪ್ಯಾಟ್ರಿಕ್ ಸ್ಟೀವರ್ಟ್. ಆಗ ‘ಸ್ಟಾರ್ ಟ್ರೆಕ್’ ಸರಣಿಯಲ್ಲಿ ಅಂತರಿಕ್ಷ ನೌಕೆಯ ಕ್ಯಾಪ್ಟನ್ ಆಗಿದ್ದವರು, ಇಲ್ಲಿ ಅದೇ ಗಾಂಭೀರ್ಯದಿಂದ ಒಬ್ಬ ಬಡಪಾಯಿಯ ಬ್ಯಾಂಕ್ ಖಾತೆಯನ್ನು ಜಾಲಾಡುತ್ತಾರೆ. ಆಸ್ತಿಪಾಸ್ತಿಯ ವಿವರ ನೋಡಿದ ಮೇಲೆ ತೀರ್ಪು ಬರುತ್ತದೆ: ಈ ಹಣಕಾಸಿನ ಸ್ಥಿತಿಯಲ್ಲಿ ಬಾತುಕೋಳಿ ತಿನ್ನುವ ಆಸೆ ಬೇಡ, ಬೇಕಾದರೆ ಕೋಳಿ ತಿನ್ನಬಹುದು. ನಗು ಉಕ್ಕುವುದು ಉತ್ಪ್ರೇಕ್ಷೆಯಿಂದ ಎಂದುಕೊಂಡರೆ ಅರ್ಧ ಮಾತ್ರ ನಿಜ. ಅಲ್ಲಿ ಯಾರೂ ನಗುವುದಿಲ್ಲ, ಹ್ಯಾರಿಸ್ ಕೂಡ ಇದೇನು ಅನ್ಯಾಯ ಎಂದು ಎದ್ದು ಹೋಗುವುದಿಲ್ಲ. ವಿಧೇಯನಾಗಿ ಕೂತು ಉತ್ತರ ಕೊಡುತ್ತಾನೆ. ನಮ್ಮ ಮಕ್ಕಳ ಎಲ್‌ಕೆಜಿ ಸೀಟಿಗಾಗಿ ಶಾಲೆಯವರ ಮುಂದೆ ಅಪ್ಪ ಅಮ್ಮ ಕೈಕಟ್ಟಿ ಕೂತು ತಮ್ಮ ಸಂಬಳ, ಓದು, ಹವ್ಯಾಸಗಳ ಪಟ್ಟಿ ಒಪ್ಪಿಸಿದ್ದನ್ನು ಕಂಡವರಿಗೆ ಈ ದೃಶ್ಯ ಅಮೆರಿಕದ್ದು ಅನ್ನಿಸುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಲಾಸ್ ಏಂಜಲಿಸನ್ನು ಹಾಸ್ಯ ಮಾಡಿದವರಲ್ಲಿ ಮಾರ್ಟಿನ್ ಮೊದಲಿಗರೇನಲ್ಲ. ವುಡಿ ಅಲೆನ್ ‘ಆ್ಯನಿ ಹಾಲ್’ನಲ್ಲಿ (1977) ಈ ಊರಿನ ಚರ್ಮ ಸುಲಿದಿದ್ದರು. ಕೆಂಪು ದೀಪವಿದ್ದರೂ ಬಲಕ್ಕೆ ತಿರುಗಬಹುದು ಎಂಬುದನ್ನು ಬಿಟ್ಟರೆ ಆ ಊರಿನ ಸಂಸ್ಕೃತಿಯಲ್ಲಿ ಇನ್ನೇನೂ ಇಲ್ಲ ಎನ್ನುವ ಅರ್ಥದ ಮಾತು ಅದರಲ್ಲಿದೆ. ಮಾತೇನೋ ಚೂಪಾಗಿದೆ. ಆದರೆ ಅದು ವಿಮಾನದಲ್ಲಿ ಬಂದು, ಮೂಗು ಮುರಿದು, ವಿಮಾನ ಹತ್ತಿ ವಾಪಸಾಗುವ ನ್ಯೂಯಾರ್ಕಿನವನೊಬ್ಬನ ಮಾತು. ತನ್ನ ಊರನ್ನು ಚಿತ್ರಿಸುವಾಗ ಅದೇ ಅಲೆನ್ ‘ಮ್ಯಾನ್‌ಹಾಟನ್’ನಲ್ಲಿ (1979) ಕಪ್ಪುಬಿಳುಪು ಛಾಯಾಗ್ರಹಣ, ಗರ್ಶ್‌ವಿನ್ ಸಂಗೀತ ಎಲ್ಲವನ್ನೂ ಸುರಿದರು. ತಮ್ಮ ಊರಿಗೆ ಸಂಗೀತ, ಪರರ ಊರಿಗೆ ಚಾಟಿ. ಮಾರ್ಟಿನ್ ಮಾಡಿದ್ದು ಇದರ ತಿರುಗುಮುರುಗು. ಅವರು ಬೆಳೆದದ್ದು ಅದೇ ಸೀಮೆಯಲ್ಲಿ. ಹುಡುಗನಾಗಿದ್ದಾಗ ಡಿಸ್ನಿಲ್ಯಾಂಡಿನಲ್ಲಿ ಮಾರ್ಗದರ್ಶಿ ಪುಸ್ತಕ ಮಾರಿ ಕಾಸು ಸಂಪಾದಿಸಿದವರು, ಅಲ್ಲಿನ ಜಾದೂ ಅಂಗಡಿಯಲ್ಲಿ ಕೈಚಳಕ ಕಲಿತವರು. ತಾವು ಉಂಡ ಮನೆಯನ್ನು ಅವರು ಗೇಲಿ ಮಾಡುತ್ತಾರೆ, ಆದರೆ ಗೇಲಿಯಲ್ಲಿ ತಮ್ಮ ಹೆಸರನ್ನೂ ಸೇರಿಸುತ್ತಾರೆ. ನಿಂಬೆಸಿಪ್ಪೆ ಕೇಳಿದವನು ಹ್ಯಾರಿಸ್ ತಾನೆ?

ಇದು ಇನ್ನೂ ಸ್ಪಷ್ಟವಾಗುವುದು ವಸ್ತುಸಂಗ್ರಹಾಲಯದ ದೃಶ್ಯಗಳಲ್ಲಿ. ಊರಿನ ಪ್ರಮುಖ ಕಲಾ ಸಂಗ್ರಹಾಲಯದೊಳಗೆ ಹ್ಯಾರಿಸ್ ರೋಲರ್ ಸ್ಕೇಟ್ ಕಟ್ಟಿಕೊಂಡು ಚಿತ್ರಗಳ ಮುಂದೆ ಜಾರುತ್ತಾ ಹೋಗುತ್ತಾನೆ, ಗೆಳತಿಯೊಬ್ಬಳು ಅದನ್ನು ವೀಡಿಯೊ ಮಾಡುತ್ತಾಳೆ. ಇನ್ನೊಮ್ಮೆ ಒಂದು ಕಲಾಕೃತಿಯ ಮುಂದೆ ನಿಂತು, ಅದರಲ್ಲಿರುವ ಹೆಂಗಸು, ಗಂಡಸು, ನಾಯಿಮರಿ, ಅವರವರ ಮನದ ಆಸೆ ಎಲ್ಲವನ್ನೂ ಎಳೆಎಳೆಯಾಗಿ ವರ್ಣಿಸುತ್ತಾನೆ. ಕ್ಯಾಮೆರಾ ತಿರುಗಿದಾಗ ಗೋಡೆಯ ಮೇಲಿರುವುದು ಬರೀ ಕೆಂಪು ಬಣ್ಣ ಬಳಿದ ದೊಡ್ಡ ಚೌಕ. ಕಲಾ ವಿಮರ್ಶೆಯ ಮೇಲಿನ ಎಷ್ಟೋ ಹಾಸ್ಯಗಳಲ್ಲಿ ಇದೂ ಒಂದು ಎಂದು ಮುಂದೆ ಹೋಗಬಹುದು. ಆದರೆ ಮಾರ್ಟಿನ್ ಸ್ವತಃ ಆಧುನಿಕ ಕಲೆಯ ಹೆಸರಾಂತ ಸಂಗ್ರಾಹಕರು. ಅಂಥ ಚಿತ್ರಗಳ ಮುಂದೆ ಆಯುಷ್ಯದ ಎಷ್ಟೋ ಗಂಟೆ ನಿಂತವರು. ಗೋಡೆಯ ಮೇಲಿನ ಕೆಂಪು ಚೌಕವನ್ನು ಕಂಡು ‘ಇದೆಂಥಾ ಕಲೆ’ ಎನ್ನುವುದು ಸುಲಭ. ಅದರ ಮುಂದೆ ಮೈಮರೆತು ನಿಲ್ಲುವ ತನ್ನ ಚಾಳಿಯನ್ನೇ ನಗೆಗೀಡು ಮಾಡುವುದು ಕಷ್ಟ. ಎರಡನೆಯದನ್ನು ಮಾಡಿದವನ ಗೇಲಿಯನ್ನು ಆ ಊರು ಒಪ್ಪಿಕೊಳ್ಳುತ್ತದೆ.

ಈ ಹಾಸ್ಯಕ್ಕೆ ಕಾಲೂರಲು ನಿಜದ ನೆಲವೂ ಇದೆ. ಆ ಊರಿನ ಹೊರವಲಯದಲ್ಲಿರುವ ನೆಂಟರ ಮನೆಗೆ ಹೋಗಿದ್ದಾಗ, ಹಾಲು ತರುವ ನೆಪದಲ್ಲಿ ಬೆಳಗ್ಗೆ ನಡೆದು ಹೊರಟಿದ್ದೆ. ಅಗಲವಾದ ರಸ್ತೆ, ನೀಟಾದ ಫುಟ್‌ಪಾತು, ಎರಡೂ ಬದಿಯಲ್ಲಿ ಹೂವು. ಆದರೆ ನರಪಿಳ್ಳೆಯಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರೊಂದು ಪಕ್ಕದಲ್ಲಿ ನಿಂತಿತು. ವಯಸ್ಸಾದ ಹೆಂಗಸೊಬ್ಬರು ಕಿಟಕಿ ಇಳಿಸಿ, ನಿಮ್ಮ ಗಾಡಿ ಕೆಟ್ಟಿದೆಯೇ, ಎಲ್ಲಿಗಾದರೂ ಬಿಡಬೇಕೇ ಎಂದು ಕಾಳಜಿಯಿಂದ ಕೇಳಿದರು. ನಡೆಯುತ್ತಿದ್ದೇನೆ ಎಂದೆ. ಅವರಿಗೆ ಅದು ಉತ್ತರ ಅನ್ನಿಸಲಿಲ್ಲ. ಈ ಊರು ಹುಟ್ಟಿನಿಂದಲೇ ಹೀಗಿತ್ತು ಎಂದುಕೊಳ್ಳಬೇಡಿ. 1920ರ ದಶಕದಲ್ಲಿ ‘ರೆಡ್ ಕಾರ್’ ಎಂದು ಜನ ಕರೆಯುತ್ತಿದ್ದ ವಿದ್ಯುತ್ ರೈಲುಗಳ ಹಳಿ ಅಲ್ಲಿ 1,600 ಕಿಲೋಮೀಟರಿಗೂ ಹೆಚ್ಚು ಉದ್ದ ಹಬ್ಬಿತ್ತು. 1940ರ ಕೊನೆಯಲ್ಲಿ ಮೊದಲ ಫ್ರೀವೇ ತೆರೆಯಿತು, 1961ರಲ್ಲಿ ಕೊನೆಯ ರೆಡ್ ಕಾರ್ ನಿಂತಿತು. ಮತ್ತೆ ರೈಲು ಓಡಿದ್ದು 1990ರ ಜುಲೈನಲ್ಲಿ, ಅಂದರೆ ಈ ಸಿನಿಮಾ ತೆರೆ ಕಾಣುವ ಕೆಲವೇ ತಿಂಗಳ ಮುಂಚೆ. ಕಾರಿನ ಮೇಲಿನ ಇಷ್ಟೊಂದು ಹಾಸ್ಯ ಆ ಮಧ್ಯದ ಮೂವತ್ತು ವರ್ಷಗಳ ಬೆಳೆ.

ಹವಾಮಾನದ ಹಾಸ್ಯವೂ ಹಾಗೆಯೇ. ಲಾಸ್ ಏಂಜಲಿಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 15 ಇಂಚಿನ ಆಸುಪಾಸು, ಅದೂ ಬಹುಪಾಲು ಚಳಿಗಾಲದ ಕೆಲವು ತಿಂಗಳಲ್ಲಿ. ಬೆಂಗಳೂರಿನಲ್ಲಿ ಬೀಳುವುದರ ಅರ್ಧವೂ ಅಲ್ಲ. ಮಿಕ್ಕ ದಿನವೆಲ್ಲ ಬಿಸಿಲು. ಅಂಥ ಊರಿನಲ್ಲಿ ಹವಾಮಾನ ವರದಿ ಓದುವವನಿಗೆ ಏನು ಕೆಲಸ? ಅದಕ್ಕೇ ಹ್ಯಾರಿಸ್ ಹವಾಮಾನ ಹೇಳುವುದನ್ನು ಬಿಟ್ಟು ಕುಣಿಯುತ್ತಾನೆ. ನಾಳೆಯೂ ಬಿಸಿಲೇ ತಾನೆ ಎಂದು ವಾರಾಂತ್ಯದ ವರದಿಯನ್ನು ಮೊದಲೇ ಚಿತ್ರಿಸಿಟ್ಟು ಆರಾಮಾಗಿರುತ್ತಾನೆ. ಆ ವಾರಾಂತ್ಯವೇ ಮಳೆ ಹೊಯ್ಯುತ್ತದೆ. ಕೆಲಸ ಹೋಗುವುದು ಹೀಗೆ. ಋತುಗಳಿಲ್ಲದ ಊರಿನಲ್ಲಿ ಕಾಲ ಸರಿಯುವುದೇ ತಿಳಿಯುವುದಿಲ್ಲ, ಮನುಷ್ಯ ತಾನು ಸುಖವಾಗಿದ್ದೇನೆಯೋ ಇಲ್ಲವೋ ಎಂದು ಕೇಳಿಕೊಳ್ಳುವುದನ್ನೇ ಮರೆಯುತ್ತಾನೆ. ತಾನು ಬಲು ಅಸುಖಿ, ಆದರೆ ದಿನವೂ ಖುಷಿಯಾಗಿರುವುದರಿಂದ ಅದು ಗೊತ್ತಾಗಿರಲಿಲ್ಲ ಎಂಬರ್ಥದ ಮಾತೊಂದನ್ನು ಹ್ಯಾರಿಸ್ ಆಡುತ್ತಾನೆ. ಇಡೀ ಸಿನಿಮಾದ ತಿರುಳು ಇಲ್ಲಿದೆ.

ಇಂಥವನನ್ನು ಎಚ್ಚರಿಸುವವರು ಯಾರು? ಗೆಳೆಯರಿಂದ ಆಗದು, ಅವರೂ ಅದೇ ಮೇಜಿನವರು. ಎಚ್ಚರಿಸುವುದು ಹೆದ್ದಾರಿಯ ಒಂದು ಬೋರ್ಡು. ರಾತ್ರಿ ಫ್ರೀವೇಯಲ್ಲಿ ಹ್ಯಾರಿಸ್‌ನ ಕಾರು ಕೆಟ್ಟು ನಿಲ್ಲುತ್ತದೆ. ಮುಂದೆ ಅಪಘಾತವಿದೆ, ನಿಧಾನವಾಗಿ ಹೋಗಿ ಎಂದು ಚಾಲಕರಿಗೆ ಹೇಳುವ ವಿದ್ಯುತ್ ಫಲಕ ಅವನನ್ನು ಮಾತಾಡಿಸುತ್ತದೆ: ಆರಾಮಿದ್ದೀಯಾ? ಇಂಗ್ಲಿಷಿನಲ್ಲಿ ಅದು ಬರೆಯುವುದು ಬರೀ ನಾಲ್ಕು ಅಕ್ಷರ. ಹ್ಯಾರಿಸ್ ನಂಬದೆ ಕಕ್ಕಾಬಿಕ್ಕಿಯಾಗಿ ಸುಮ್ಮನೆ ನಿಂತರೆ, ನನ್ನ ಅಕ್ಷರ ವ್ಯರ್ಥ ಮಾಡಿಸಬೇಡ ಎಂದು ಗದರುತ್ತದೆ. ಅಪ್ಪಿಕೋ ಎಂದು ಕೇಳುತ್ತದೆ. ಹ್ಯಾರಿಸ್ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಕಬ್ಬಿಣದ ಕಂಬವನ್ನು ತಬ್ಬಿಕೊಳ್ಳುತ್ತಾನೆ. ಹವಾಮಾನ ನಿನ್ನ ಬದುಕನ್ನು ಎರಡು ಸಲ ಬದಲಿಸುತ್ತದೆ ಎಂದು ಅದು ಭವಿಷ್ಯ ಹೇಳುತ್ತದೆ, ಬಿಡಿಸಲೊಂದು ಒಗಟನ್ನೂ ಕೊಡುತ್ತದೆ. ಮೊದಲ ಸಲ ಮಳೆ ಅವನ ನೌಕರಿ ಕಿತ್ತುಕೊಳ್ಳುತ್ತದೆ. ಎರಡನೆಯ ಸಲ, ಸಾರಾ ಲಂಡನ್ನಿಗೆ ಹೊರಟು ನಿಂತಾಗ, ಹವಾಮಾನ ತಿರುಗಿಬಿದ್ದು ಅವಳ ಪ್ರಯಾಣ ಮುರಿಯುತ್ತದೆ.

ಮಾರ್ಟಿನ್‌ರ ಜಾಣತನ ಇರುವುದು ಇಲ್ಲಿ. ಮೊದಲರ್ಧದಲ್ಲಿ ಪ್ರೀತಿಗೆ ಅಡ್ಡಿಯಾಗಿದ್ದು ಯಾವುದು? ಕಾರು, ಹೆದ್ದಾರಿ, ಬದಲಾಗದ ಬಿಸಿಲು. ಕೊನೆಗೆ ಇಬ್ಬರನ್ನೂ ಸೇರಿಸಿದ್ದು? ಅದೇ ಹೆದ್ದಾರಿಯ ಬೋರ್ಡು, ಅದೇ ಆಕಾಶ. ಖಳನಾಯಕನಾಗಿದ್ದ ಊರು ಯಾರಿಗೂ ಗೊತ್ತಾಗದ ಹಾಗೆ ಮದುವೆಯ ದಲ್ಲಾಳಿಯಾಗುತ್ತದೆ. ಇದು ಶೇಕ್ಸ್‌ಪಿಯರನ ಹಳೆಯ ವಿದ್ಯೆ: ಕಾಡಿನ ಯಕ್ಷರು ಪ್ರೇಮಿಗಳನ್ನು ಗೋಳಾಡಿಸಿ, ಅವರೇ ಮತ್ತೆ ಜೋಡಿಸುತ್ತಾರೆ. ಚಿತ್ರದ ತುಂಬ ಶೇಕ್ಸ್‌ಪಿಯರನ ಛಾಯೆಯಿದೆ. ‘ಹ್ಯಾಮ್ಲೆಟ್’ನ ಗೋರಿ ತೋಡುವವನು ಬರುತ್ತಾನೆ (ಆ ಪುಟ್ಟ ಪಾತ್ರದಲ್ಲಿ ರಿಕ್ ಮೊರಾನಿಸ್), ವೀಡಿಯೊ ಮಾಡುವ ಗೆಳತಿಗೆ ಶೇಕ್ಸ್‌ಪಿಯರನ ಯಕ್ಷನೊಬ್ಬನದೇ ಹೆಸರು, ಏರಿಯಲ್. ಕಾಡಿಲ್ಲದ ಊರಿನಲ್ಲಿ ಯಕ್ಷರು ಇನ್ನೆಲ್ಲಿರಲು ಸಾಧ್ಯ? ಫ್ರೀವೇಯ ಪಕ್ಕದಲ್ಲೇ. ಊರನ್ನು ಮೊದಲು ನಗೆಗೀಡು ಮಾಡಿ ಆಮೇಲೆ ಕ್ಷಮಿಸಿಬಿಡುವ ಸಿನಿಮಾಗಳು ಬೇಕಾದಷ್ಟಿವೆ. ನಕ್ಕದ್ದರಲ್ಲೇ ಮಾಂತ್ರಿಕತೆಯನ್ನು ಹುಡುಕಿ ತೆಗೆದ ಸಿನಿಮಾ ನನಗೆ ಗೊತ್ತಿರುವ ಮಟ್ಟಿಗೆ ಇದೊಂದೇ.

ಸಾರಾ ಪರದೇಶದವಳಾಗಿರುವುದೂ ಸುಮ್ಮನೆ ಅಲ್ಲ. ನಮ್ಮ ಊರಿಗೆ ಹೊಸಬರು ಬಂದಾಗ ನಾವೆಲ್ಲ ಮಾಡುವ ಕೆಲಸವನ್ನೇ ಹ್ಯಾರಿಸ್ ಮಾಡುತ್ತಾನೆ, ಊರು ತೋರಿಸಲು ಕರೆದೊಯ್ಯುತ್ತಾನೆ. ಇಲ್ಲಿನ ಕೆಲವು ಕಟ್ಟಡಗಳಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ ಎಂದು ಲಂಡನ್ನಿನವಳ ಮುಂದೆ ಹೆಮ್ಮೆಯಿಂದ ಹೇಳುತ್ತಾನೆ. ಆದರೆ ಅವಳು ನಗುವುದಕ್ಕೆ ಬಂದವಳಲ್ಲ. ಅವನಿಗೆ ಅಭ್ಯಾಸವಾಗಿ ಕಣ್ಣಿಗೇ ಬೀಳದ ಬೆಳಕು, ಬಣ್ಣ, ರಾತ್ರಿಯ ತಾಳೆಮರಗಳು ಅವಳಿಗೆ ಚೆಂದ ಕಾಣುತ್ತವೆ. ಸಾರಾ ಪಾತ್ರ ಮಾಡಿದ ವಿಕ್ಟೋರಿಯಾ ಟೆನಂಟ್ ಆಗ ಮಾರ್ಟಿನ್‌ರ ಪತ್ನಿ, ಇಂಗ್ಲೆಂಡಿನವರೇ. ನಿರ್ದೇಶಕರೂ ಅಲ್ಲಿಯವರೇ. ಹೀಗೆ ಒಳಗಿನವನು ಬರೆದ ಗೇಲಿಯನ್ನು ಹೊರಗಿನವರು ಬೆರಗಿನಿಂದ ನೋಡಿದ್ದು ಈ ಚಿತ್ರದ ಹದ. ಒಳಗಿನವನು ಒಬ್ಬನೇ ಮಾಡಿದ್ದರೆ ಗೊಣಗಾಟವಾಗುತ್ತಿತ್ತು, ಹೊರಗಿನವರಷ್ಟೇ ಮಾಡಿದ್ದರೆ ಪ್ರವಾಸದ ಜಾಹೀರಾತಾಗುತ್ತಿತ್ತು.

ಗೇಲಿಯ ಸಿನಿಮಾಗಳಿಗೆ ವಯಸ್ಸಾಗುವುದು ಬೇಗ. ಇದಕ್ಕೆ ಆಗಿರುವುದು ಬೇರೆಯೇ: ಹಾಸ್ಯ ಅನ್ನಿಸಿದ್ದು ವರದಿಯಾಗಿಬಿಟ್ಟಿದೆ. ಅಂದು ನಗೆಯುಕ್ಕಿಸಿದ ಕಾಫಿಯ ಪಟ್ಟಿ ಇಂದು ಇಂದಿರಾನಗರದ ಯಾವ ಕೆಫೆಯ ಕೌಂಟರಿನಲ್ಲೂ ಕೇಳಿಬರುವ ಮಾತು. ನಾಲ್ಕಕ್ಷರದಲ್ಲಿ ಕುಶಲ ವಿಚಾರಿಸುವ ಬೋರ್ಡು ನಮ್ಮೆಲ್ಲರ ಜೇಬಿನಲ್ಲಿದೆ. ಬಟ್ಟೆ ಅಂಗಡಿಯ ತರುಣಿ ತನ್ನ ಸ್ಯಾಂಡಿ ಎಂಬ ಹೆಸರನ್ನು ನಡುನಡುವೆ ದೊಡ್ಡಕ್ಷರ ಹಾಕಿ, ಕೊನೆಗೊಂದು ನಕ್ಷತ್ರವನ್ನೂ ಸೇರಿಸಿ ಬರೆಯುತ್ತಾಳೆ. ಇನ್‌ಸ್ಟಾಗ್ರಾಂನಲ್ಲಿ ಹೆಸರಿಟ್ಟುಕೊಂಡ ಯಾರಿಗೂ ಅದು ಈಗ ವಿಚಿತ್ರವಲ್ಲ. ಆ ಪಾತ್ರ ಮಾಡಿದ ಸಾರಾ ಜೆಸಿಕಾ ಪಾರ್ಕರ್ 1998ರಿಂದ ‘ಸೆಕ್ಸ್ ಆ್ಯಂಡ್ ದಿ ಸಿಟಿ’ಯಲ್ಲಿ ನ್ಯೂಯಾರ್ಕಿನ ಮುಖವೇ ಆಗಿಹೋದದ್ದು ಇನ್ನೊಂದು ತಮಾಷೆ. ಕೆಲವು ಹಾಸ್ಯಗಳು ಮಾತ್ರ ಬಾಯಲ್ಲಿ ಕಹಿಯಾಗುತ್ತವೆ. ಫ್ರೀವೇಯಲ್ಲಿ ಕಾರಿನಿಂದ ಕಾರಿಗೆ ಗುಂಡು ಹಾರಿಸುವ ದೃಶ್ಯವೊಂದಿದೆ, ಬೇಟೆಯ ಋತು ಶುರುವಾದ ಹಾಗೆ ಎಲ್ಲರೂ ಸಲೀಸಾಗಿ ಬಂದೂಕು ತೆಗೆಯುತ್ತಾರೆ. 1987ರ ಬೇಸಿಗೆಯಲ್ಲಿ ಅಲ್ಲಿನ ಹೆದ್ದಾರಿಗಳಲ್ಲಿ ನಿಜಕ್ಕೂ ಸಾಲುಸಾಲಾಗಿ ಗುಂಡಿನ ದಾಳಿಗಳು ನಡೆದಿದ್ದವು. ಎಟಿಎಂ ಮುಂದೆ ಹಣ ತೆಗೆಯುವವರದೊಂದು ಸಾಲು, ಪಕ್ಕದಲ್ಲೇ ದೋಚುವವರದೊಂದು ಶಿಸ್ತಿನ ಸಾಲು, ಮಾಣಿಯ ವಿನಯದಿಂದ ತನ್ನ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುವ ಕಳ್ಳ. ಇದು ಇಂದಿಗೂ ನಗಿಸುತ್ತದೆ. ಗುಂಡಿನ ದೃಶ್ಯಕ್ಕೆ ನಗು ಬರುವುದಿಲ್ಲ.

ಈ ಸಿನಿಮಾ ನೋಡದೆ ಬಿಟ್ಟದ್ದನ್ನೂ ಹೇಳಬೇಕು. ಇದರಲ್ಲಿರುವುದು ಊರಿನ ಪಶ್ಚಿಮ ಭಾಗದ ಅನುಕೂಲಸ್ಥ ಬಿಳಿಯರ ಲಾಸ್ ಏಂಜಲಿಸ್. 1990ರ ಜನಗಣತಿಯ ಪ್ರಕಾರ ಆ ನಗರದ ನೂರು ಜನರಲ್ಲಿ ಸುಮಾರು 40 ಮಂದಿ ಲ್ಯಾಟಿನೊ ಮೂಲದವರು. ಚಿತ್ರದಲ್ಲಿ ಅವರನ್ನು ಹುಡುಕಬೇಕು. ಚಿತ್ರ ಬಂದ ಮುಂದಿನ ತಿಂಗಳೇ, 1991ರ ಮಾರ್ಚ್ 3ರಂದು, ರಾಡ್ನಿ ಕಿಂಗ್ ಎಂಬ ಕಪ್ಪು ಯುವಕನನ್ನು ಪೊಲೀಸರು ರಸ್ತೆಯಲ್ಲಿ ಕೆಡವಿ ಬಡಿದರು, ಆ ವೀಡಿಯೊವನ್ನು ಜಗತ್ತೆಲ್ಲ ನೋಡಿತು. ಮರುವರ್ಷ ಏಪ್ರಿಲ್ 29ರಂದು ಆ ಪೊಲೀಸರನ್ನು ತಪ್ಪಿತಸ್ಥರೆಂದು ಹೇಳದ ತೀರ್ಪು ಹೊರಬಿದ್ದಾಗ ಊರು ಹೊತ್ತಿ ಉರಿಯಿತು, 50ಕ್ಕೂ ಹೆಚ್ಚು ಜನ ಸತ್ತರು. ಅದೇ 1991ರಲ್ಲಿ, ಇನ್ನೂ ಇಪ್ಪತ್ತಮೂರರ ಜಾನ್ ಸಿಂಗಲ್ಟನ್ ಅದೇ ನಗರದ ದಕ್ಷಿಣ ಭಾಗದ ಹುಡುಗರ ಕಥೆಯನ್ನು ‘ಬಾಯ್ಜ್ ಎನ್ ದ ಹುಡ್’ನಲ್ಲಿ ಹೇಳಿದರು. ಎರಡನ್ನೂ ಒಂದರ ಹಿಂದೊಂದು ನೋಡಿ. ಇವೆರಡೂ ಒಂದೇ ಊರು, ಒಂದೇ ವರ್ಷ ಎಂದು ನಂಬುವುದಕ್ಕೆ ಹೊತ್ತು ಹಿಡಿಯುತ್ತದೆ. ಇದರಿಂದ ‘ಎಲ್.ಎ. ಸ್ಟೋರಿ’ ಕೆಟ್ಟ ಸಿನಿಮಾ ಆಗುವುದಿಲ್ಲ. ಮೇಜಿನಲ್ಲಿ ಕೂತವನು ತನ್ನ ಮೇಜಿನ ಬಗ್ಗೆ ಚೆನ್ನಾಗಿ ನಗಬಲ್ಲ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವನ ಕಥೆಯನ್ನು ಅವನಿಂದ ನಿರೀಕ್ಷಿಸಲಾಗದು. ಆ ಕಥೆ ಅಲ್ಲಿಯವರಿಂದಲೇ ಬರಬೇಕು, ಬಂದಿತು ಕೂಡ.

ಇನ್ನು ನಮ್ಮ ಮಾತು. ಕನ್ನಡದಲ್ಲಿ ಇಂಥದ್ದು ಬಂದೇ ಇಲ್ಲ ಎನ್ನುವವರಿಗೆ ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ಯನ್ನು (1990) ನೆನಪಿಸುತ್ತೇನೆ. ವಠಾರ, ಬಾಡಿಗೆಗಾಗಿ ಕಾಡುವ ಮಾಲೀಕ, ತೆಳ್ಳನೆಯ ಗೋಡೆ, ಒಬ್ಬರ ಗುಟ್ಟು ಎಲ್ಲರ ಬಾಯಲ್ಲಿ. ಇವೇ ಅಲ್ಲಿ ಪ್ರೀತಿಗೆ ಅಡ್ಡಿ, ಇವೇ ಕೊನೆಗೆ ಪ್ರೀತಿಗೆ ಸೇತುವೆ. ತಾನು ಜಗಳವಾಡುವ ಮಾಲೀಕನ ಮಗಳೂ ತಾನು ಕಾಣದೆ ಪ್ರೀತಿಸುವ ಗಾಯಕಿಯೂ ಒಬ್ಬಳೇ ಎಂದು ಅನಂತನಾಗ್ ಪಾತ್ರಕ್ಕೆ ತಿಳಿಯದಿರುವುದರಲ್ಲೇ ಇಡೀ ಚಿತ್ರ ನಿಂತಿದೆ. ‘ಎಲ್.ಎ. ಸ್ಟೋರಿ’ಗೆ ಒಂದು ವರ್ಷ ಮುಂಚೆಯೇ ಬಂದ ಈ ಚಿತ್ರದ ಲೆಕ್ಕಾಚಾರ ಅದರದೇ. ವಠಾರ ಹೋಯಿತು, ಗೇಟೆಡ್ ಕಮ್ಯುನಿಟಿ ಬಂತು. ಅಡ್ಡಿಗಳ ರೂಪ ಬದಲಾಯಿತು. ಆದರೆ ಹೊಸ ಅಡ್ಡಿಗಳನ್ನು ಅಷ್ಟೇ ಅಕ್ಕರೆಯಿಂದ ನೋಡಿದ ಬರಹಗಾರರು ಇನ್ನೂ ಕಾಣಿಸುತ್ತಿಲ್ಲ.

ಈಗ ಬೆಂಗಳೂರಿನ ಹೆಸರಿನಲ್ಲಿ ಓಡಾಡುವ ಹಾಸ್ಯವನ್ನು, ಅದರಲ್ಲೂ ಅರ್ಧ ನಿಮಿಷದ ರೀಲ್‌ಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಹೊರಗಿನಿಂದ ಬಂದವರು ಆಟೊ ಚಾಲಕನನ್ನು, ಸ್ಥಳೀಯ ಅಂಕಲ್ಲನ್ನು ಆಡಿಕೊಂಡು ನಗುತ್ತಾರೆ. ಇಲ್ಲಿಯವರು ಹೊರಗಿನಿಂದ ಬಂದ ಟೆಕ್ಕಿಯನ್ನು, ಅವನ ಹರಕುಮುರುಕು ಕನ್ನಡವನ್ನು ಆಡಿಕೊಂಡು ನಗುತ್ತಾರೆ. ಎರಡೂ ಕಡೆಯಲ್ಲಿ ನಗುವವನು ತಾನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿರುತ್ತಾನೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕನ್ನು ಬೈಯುವವನು ಆ ಟ್ರಾಫಿಕ್ಕಿನಲ್ಲಿ ತನ್ನದೂ ಒಂದು ಕಾರಿದೆ, ಅದರಲ್ಲಿ ತಾನೊಬ್ಬನೇ ಕೂತಿದ್ದೇನೆ ಎನ್ನುವುದನ್ನು ಹೇಳುವುದಿಲ್ಲ. ಹಾಗೆ ಹೇಳದವನ ಕಥೆಯಲ್ಲಿ ಪ್ರೀತಿ ಹುಟ್ಟಲು ಜಾಗವಿರುವುದಿಲ್ಲ. ತಪ್ಪೆಲ್ಲ ಎದುರಿನವರದೇ ಆದಾಗ ಯಾರೂ ಬದಲಾಗಬೇಕಿಲ್ಲ. ಬದಲಾಗಬೇಕಿಲ್ಲದವರ ನಡುವೆ ಪ್ರೇಮಕಥೆ ನಡೆಯುವುದಿಲ್ಲ, ಜಗಳವಷ್ಟೇ ನಡೆಯುತ್ತದೆ.

ಬೆಂಗಳೂರಿನಲ್ಲಿ ಹುಟ್ಟಿದವರಿಗೆ ಮಾತ್ರ ಈ ಹಕ್ಕು ಎಂದು ನಾನು ಹೇಳುತ್ತಿಲ್ಲ. ಸಿರ್ಸಿಯಿಂದ ಬಂದವರು, ಕಲಬುರಗಿಯಿಂದ ಬಂದವರು, ಪಾಟ್ನಾದಿಂದ ಬಂದವರು, ಯಾರಾದರೂ ಸರಿ. ಈ ಊರಿನ ಬಾಡಿಗೆ ಕಟ್ಟಿ, ಟ್ಯಾಂಕರ್ ನೀರಿಗೆ ಕಾದು, ಮಳೆ ಬಂದಾಗ ಅಂಡರ್‌ಪಾಸಿನಲ್ಲಿ ಸಿಕ್ಕಿಹಾಕಿಕೊಂಡು, ಇಷ್ಟಾದ ಮೇಲೂ ಊರು ಬಿಡಲು ಮನಸ್ಸು ಬಾರದವರಿಗೆಲ್ಲ ಆ ಹಕ್ಕಿದೆ. ಬರೆಯಲು ಕೂತವರಿಗೆ ನನ್ನದೊಂದೇ ಸಲಹೆ. ನಿಮ್ಮ ಗೇಲಿಯ ಪಟ್ಟಿ ಮಾಡಿ, ಅದರಲ್ಲಿ ಮೊದಲ ಹೆಸರು ನಿಮ್ಮದಾಗಿರಲಿ. ಆಮೇಲೆ ಈ ಊರಿನಲ್ಲಿ ನೀವು ಅತಿ ಹೆಚ್ಚು ಬೈಯುವ ವಸ್ತು ಯಾವುದೋ ಅದನ್ನೇ ಹಿಡಿದುಕೊಂಡು, ಅದರ ಕೈಯಲ್ಲೇ ನಿಮ್ಮ ನಾಯಕ ನಾಯಕಿಯನ್ನು ಸೇರಿಸಲು ಸಾಧ್ಯವೇ ನೋಡಿ. ಸಾಧ್ಯವಾದರೆ ನಿಮ್ಮ ಬಳಿ ಸಿನಿಮಾ ಇದೆ. ಆಗದಿದ್ದರೆ ಇರುವುದು ದೂರು ಮಾತ್ರ, ಅದನ್ನು ಪಾಲಿಕೆಗೆ ಕೊಡಿ.